ಮೊದಲು ತೋರಿಸಿದ ಮದರ್‌ಬೋರ್ಡ್

"ಇವತ್ತರ ಬೋರ್ಡ್ ಕೂಡ್ರಸ್ತೀರೋ, ಇಲ್ಲಾ ನನ್ನ ಡಬ್ಬಿ ವಾಪಸ್ ಕೊಡ್ತೀರೋ?"

ದಾಂಡೇಲಿಯ ಆ ಸಣ್ಣ ಕಂಪ್ಯೂಟರ್ ಅಂಗಡಿಯಲ್ಲಿ ರೀನಾ ಚಪ್ಪಲಿಯನ್ನೂ ಬಿಡದೆ ನಿಂತಿದ್ದಳು. ರಿಪೇರಿ ಮೇಜಿನ ಹಿಂದಿದ್ದ ಜೇವಿಯರ್‌ನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು.

ಅವಳ ಡಬ್ಬಿ, ಎಂದರೆ ಕಂಪ್ಯೂಟರಿನ ಕ್ಯಾಬಿನೆಟ್ಟು, ಮೂಲೆಯಲ್ಲಿ ಬಾಯಿ ತೆರೆದು ಕೂತಿತ್ತು. ಪ್ರೊಸೆಸರ್, ಹಾರ್ಡ್ ಡಿಸ್ಕ್ ಎಲ್ಲ ಬಂದಿದ್ದವು. ಅವನ್ನು ಕೂರಿಸಬೇಕಾದ ಮದರ್‌ಬೋರ್ಡ್ ಮಾತ್ರ ಇಲ್ಲ. ಮಳೆಗಾಲ ಮುಗಿದು ಚಳಿ ಬಂದರೂ ಅದರ ಆಯ್ಕೆ ಮುಗಿದಿರಲಿಲ್ಲ.

"ಕೂಡ್ರಿ ರೀನಾ. ಒಂದು ಬಂದೈತಿ. ಆದ್ರ..."

"ಆದ್ರ?"

"ಇದರಾಗ ಡಿಸ್ಪ್ಲೇ ಬೋರ್ಡಿನೊಳಗ ಐತಿ. ನಾಳೆ ಬ್ಯಾರೆ ಕಾರ್ಡ್ ಹಾಕೂಣು ಅಂದ್ರ ಜಾಗಾನ ಇಲ್ಲ."

"ನಾ ಲಗ್ನಪತ್ರ ಟೈಪ್ ಮಾಡಾಕಿ. ನನಗ್ಯಾಕ ಬ್ಯಾರೆ ಕಾರ್ಡು?"

"ಹೋದ ಐತವಾರದ್ದು ಚಲೋ ಇತ್ತು, ಖರೆ. ಆದ್ರ ಅದರ ಕೆಪಾಸಿಟರ್..."

"ಉಬ್ಬತಾವ! ಅದರ ಹಿಂದಿನ ಐತವಾರದ್ದು ಬಣ್ಣ ಸರಿ ಇಲ್ಲ ಅಂದ್ರಿ. ಮೊದಲನೇದಕ್ಕ ನನ್ನ ಪ್ರೊಸೆಸರ್ ಕೂಡೂದಿಲ್ಲ ಅಂದ್ರಿ!"

ವಾರವಿಡೀ ಹಳಿಯಾಳದ ಟೈಪಿಂಗ್ ಸೆಂಟರಿನಲ್ಲಿ ಬೇರೆಯವರ ಮದುವೆಗಳನ್ನು ಟೈಪು ಮಾಡಿ ಕಣ್ಣು ಉರಿಸಿಕೊಳ್ಳುವುದು, ಐತವಾರ ಚರ್ಚಿನಿಂದ ನೇರ ಬಸ್ಸು ಹತ್ತಿ ಇಲ್ಲಿಗೆ ಬರುವುದು... "ಹೆಣ್ಣು ನೋಡಾಕ ಬಂದವರೂ ಇಷ್ಟು ಕುಂದು ತಗಿಯೂದಿಲ್ಲವಾ!" ಎಂದು ಅವ್ವ ಗಂಗೂ ನಕ್ಕಿದ್ದಳು.

ಆದರೂ ಬಂದಾಗಲೆಲ್ಲ ಅವನು ಚಹಾ ತರಿಸುತ್ತಿದ್ದ. ಅವಳ ಲೋಟವನ್ನು ಫ್ಯಾನಿನ ಗಾಳಿಗೆ ಹಿಡಿದು, ಆರಿಸಿ ಕೊಡುತ್ತಿದ್ದ. ಅವಳು ಬೇರೆ ಅಂಗಡಿ ಹುಡುಕದೆ ಉಳಿದದ್ದು ಆ ಲೋಟದ ದೆಸೆಯಿಂದಲೇ!

'ಸಣ್ಣ ಗಿರಾಕಿ ಅಂತ ಅಸಡ್ಡೆ. ನನ್ನ ಕೆಲಸ ಮುಗಿಸುವ ಮನಸ್ಸೇ ಇಲ್ಲ ಇವನಿಗೆ...'

ಮನಸ್ಸಿಲ್ಲವೆಂಬುದನ್ನು ಅವಳು ಸರಿಯಾಗಿಯೇ ಊಹಿಸಿದ್ದಳು. ಕಾರಣ ಮಾತ್ರ ತಪ್ಪಿತ್ತು.

"ಕೊಡ್ರಿ ಡಬ್ಬಿ. ನಮ್ಮ ಸೆಂಟರಿನ ಮಾಲಕರು ಹುಬ್ಬಳ್ಳಿ ಬ್ರಾಂಚಿಗೆ ಹೋಗು ಅಂತಾರ. ಮಷಿನ್ ಮನ್ಯಾಗ ಇದ್ದಿದ್ರ ಸ್ವಂತ ಟೈಪಿಂಗ್ ಮಾಡ್ಕೋತ ಊರಾಗ ಉಳೀತಿದ್ದೆ. ನಾಳೆ ಹೂಂ ಅಂದುಬಿಡ್ತೇನಿ."

ಬೋರ್ಡುಗಳಿಗೆ ಅಷ್ಟೊಂದು ಕುಂದು ಹುಡುಕಿದ ಜೇವಿಯರ್ ಡಬ್ಬಿ ಎತ್ತಿ ಅವಳ ಕೈಗಿಟ್ಟ.

ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಅಳಬೇಕೆನಿಸಿತು... ಅದಕ್ಕೂ ತ್ರಾಣವಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಮೊದಲೇ ಜೇವಿಯರ್ ಅವಳ ಮನೆಯ ಅಂಗಳದಲ್ಲಿದ್ದ! ಕಂಕುಳಲ್ಲಿ ಒಂದು ರಟ್ಟಿನ ಪೆಟ್ಟಿಗೆ.

ಗಂಗೂ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬರ್ರಿ. ನಿಮ್ಮೊಳಗ ಏನರ ಕುಂದು ಐತೇನು, ನಾವೂ ನೋಡೂಣು."

ರೀನಾ ಪೆಟ್ಟಿಗೆ ತೆರೆದಳು. ಗುರುತು ಸಿಕ್ಕಿತು. ಮಳೆಗಾಲದಲ್ಲಿ ಮೊಟ್ಟಮೊದಲು ತೋರಿಸಿದ್ದ ಬೋರ್ಡ್!

"ಇದಕ್ಕ ನನ್ನ ಪ್ರೊಸೆಸರ್ ಕೂಡೂದಿಲ್ಲ ಅಂದಿದ್ರಿ?"

"ಕೂಡತೈತಿ... ಅವತ್ತೂ ಕೂಡತಿತ್ತು. ಯಾರಿಗೂ ಮಾರದ ತಗದಿಟ್ಟಿದ್ದೆ."

"ಮತ್ಯಾಕ?"

"ಬೋರ್ಡ್ ಕೂತಿದ್ರ ಮಷಿನ್ ಮುಗೀತಿತ್ತು. ಐತವಾರ ನೀವು ಬರ್ತಿದ್ದಿಲ್ಲ."

"ನಿಮ್ಮ ಐತವಾರದ ಸಲುವಾಗಿ ನಾ ಊರು ಬಿಡೂದಾಗಿತ್ತಲ್ರೀ!"

"ತಪ್ಪಾತು. ಕೇಳೂದು ಬಿಟ್ಟು ಕುಂದು ಹುಡುಕ್ಕೋತ ಕೂತೆ."

"ಏನು ಕೇಳೂದು?"

ಅವನು ತಲೆ ಎತ್ತಲಿಲ್ಲ. "ಜನ್ಮಪೂರ್ತಿ ನನ್ನ ಜೋಡಿ ಇರ್ತೀರೇನು ಅಂತ."

ರೀನಾ ಡಬ್ಬಿಯನ್ನು ಅವನ ಕಡೆ ಸರಿಸಿದಳು.

ಬೋರ್ಡ್ ಕೂತಿತು. ಇಷ್ಟು ದಿನ ಬಟ್ಟೆ ಹೊದ್ದು ಕಾದಿದ್ದ ಮಾನಿಟರಿಗೆ ವೈರು ಸೇರಿತು. ಬೀಪ್! ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು.

"ಮತ್ತ... ಹುಬ್ಬಳ್ಳಿ?"

"ಅದರಾಗೂ ಏನರ ಕುಂದು ಹುಡುಕ್ತೇನಿ. ನಿಮ್ಮಿಂದ ಅಷ್ಟರ ಕಲ್ತೇನಿ."

ಅವನು ನಗುತ್ತ ಡಬ್ಬಿಯ ಮುಚ್ಚಳ ಎತ್ತಿಕೊಂಡ.

"ಮುಚ್ಚಬ್ಯಾಡ್ರಿ."

"ಧೂಳು ಕೂಡತೈತಿ, ರೀನಾ."

"ಕೂಡಲಿ. ಝಾಡಿಸಾಕ ಐತವಾರ ಬರ್ತೀರಲ್ಲ?"

"ಐತವಾರ ಅಷ್ಟ ಏನು?"

ಅವ್ವ ಎರಡು ಲೋಟ ಚಹಾ ತಂದಿಟ್ಟು ಒಳಗೆ ಹೋದಳು. ರೀನಾ ಅವನ ಲೋಟ ಎತ್ತಿ ಡಬ್ಬಿಯ ಫ್ಯಾನಿನ ಮುಂದೆ ಹಿಡಿದಳು.

"ತಡೀರಿ... ಆರಲಿ."