ಬಸ್ಸಿನಲ್ಲಿ ಕೇಳಿದ ದನಿ

ಅವಳು ಮೊದಲ ಸಲ ಆ ಸ್ಟುಡಿಯೋಗೆ ಬಂದಾಗ ಮೇಜಿನ ಕೆಳಗಿಂದ ಎರಡು ಕಾಲುಗಳು ಮಾತ್ರ ಕಾಣುತ್ತಿದ್ದವು. ವೈರುಗಳ ನಡುವೆ ಯಾರೋ ಬೋರಲಾಗಿ ಮಲಗಿದ್ದರು.

"ಅಣ್ಣಾ, ರೆಕಾರ್ಡಿಂಗ್ ಮಾಡೋರು ಇಲ್ವಾ?"

"ಇದ್ದಾರೆ. ಅಣ್ಣ ಅಂದಿದ್ದು ವಾಪಸ್ ತಗೊಂಡ್ರೆ ಈಚೆ ಬರ್ತಾರೆ."

ಕೂದಲಿಗೆಲ್ಲ ಧೂಳು ಮೆತ್ತಿಕೊಂಡು ಅವನೇ ಎದ್ದು ನಿಂತ. ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಅವಳು ನಕ್ಕಿದ್ದು ಅದೇ ಮೊದಲು ಎಂಬುದು ಅವನಿಗೆ ಆಮೇಲೆ ತಿಳಿಯಿತು.

ಹಾಡುಗಳು ಅವಳ ಅಕ್ಕನವು. ಅಕ್ಕ ಕಟ್ಟುತ್ತಿದ್ದಳು, ಇವಳು ಹಾಡುತ್ತಿದ್ದಳು. ಕಾಯಿಲೆ ಅಕ್ಕನನ್ನು ಕೊಂಡೊಯ್ದಿತು, ಹಾಡುಗಳು ಉಳಿದವು. ಯಾವ ಕಂಪನಿಗೂ ಬೇಡವಾದಾಗ ತಾನೇ ಬಿಡುಗಡೆ ಮಾಡುತ್ತೇನೆಂದು ಹೊರಟಳು. ಮೊದಲು ಬಿಟ್ಟ ಹಾಡುಗಳನ್ನು ಕೇಳಿದವರು ನೆಂಟರಷ್ಟೇ. ಅವರೂ ಪೂರ್ತಿ ಕೇಳಲಿಲ್ಲ.

ಅವನು ರೆಕಾರ್ಡಿಂಗ್ ಮಾಡಿ ಕೈತೊಳೆದುಕೊಳ್ಳಲಿಲ್ಲ. ಕವರ್ ಚಿತ್ರ ಮಾಡಿದ, ರೇಡಿಯೋದವರಿಗೆ ಮೇಲ್ ಬರೆದ, ರೀಲ್ಸಿಗೆಂದು ಹಾಡಿನ ತುಣುಕುಗಳನ್ನು ಕತ್ತರಿಸಿದ. ಕೆಳಗಿನ ಟೈಲರ್ ಅಂಗಡಿಯ ಮೆಷಿನ್ ಸದ್ದು ನಿಲ್ಲಲೆಂದು ಕಾಯುತ್ತ ಇಬ್ಬರೂ ಗಾಜಿನ ಆಚೆ ಈಚೆ ಕೂರುತ್ತಿದ್ದರು. ಹೆಡ್‌ಫೋನ್ ಸರಿಮಾಡುವ ನೆಪದಲ್ಲಿ ಅವನು ನೋಡುತ್ತಿದ್ದ, ಸಾಲು ಮರೆತ ನೆಪದಲ್ಲಿ ಅವಳು.

"ಹಾಳೆ ಕೈಲಿದೆ ಮೇಡಂ, ಕಣ್ಣೆಲ್ಲಿದೆ?" ಎಂದು ಅವನು ಮೈಕಿನಲ್ಲಿ ಕೇಳಿದರೆ ಅವಳ ಕಿವಿ ಕೆಂಪಾಗುತ್ತಿತ್ತು.

ಅಕ್ಕನ ಕೊನೆಯ ಹಾಡು ಅವಳ ಫೋನಿನಲ್ಲಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ಗುನುಗಿದ್ದು. ನಡುವೆ ಉಸಿರು ಸಾಲದೆ ನಿಂತು, "ತಾಳೇ, ಇನ್ನೊಂದ್ಸಲ" ಎಂದು ಅಕ್ಕ ನಗುತ್ತಾಳೆ.

"ರಾಗ ಹಿಡಿಯೋಕೆ ಅಂತ ಮಾತ್ರ ಕೊಡ್ತಿದ್ದೀನಿ. ಅಮ್ಮನಿಗೂ ಕೇಳಿಸಿಲ್ಲ. ಅವಳು ತಡ್ಕೊಳ್ಳಲ್ಲ."

"ಜನ ಮೊದಲು ಕಥೆ ಕೇಳ್ತಾರೆ, ಆಮೇಲೆ ಹಾಡು. ಇದನ್ನ ಒಂಚೂರು ಹಾಕಿದ್ರೆ..."

"ನಮ್ಮಕ್ಕನ ಸಾವು ಪೋಸ್ಟರ್ ಅಲ್ಲ."

ಅವನು ಆಯಿತೆಂದ. ಮನಸಾರೆಯೇ ಹೇಳಿದ್ದ.

ಆ ಹಾಡು ಅವಳ ದನಿಯಲ್ಲಿ ಬಿಡುಗಡೆಯಾಯಿತು. ವಾರ ಕಳೆದರೂ ಯಾರೂ ತಿರುಗಿ ನೋಡಲಿಲ್ಲ. ಅವಳು ಸ್ಟುಡಿಯೋದ ಮೂಲೆಯಲ್ಲಿ ಕುಳಿತು ಫೋನಿನ ಪರದೆಯನ್ನು ಮತ್ತೆ ಮತ್ತೆ ಎಳೆದು ನೋಡಿದಳು.

"ಅಕ್ಕ ಇನ್ನೊಂದ್ಸಲ ಸತ್ತ ಹಾಗಾಯ್ತು" ಎಂದು ಎದ್ದುಹೋದಳು.

ಆ ಮುಖವನ್ನು ಅವನಿಂದ ನೋಡಲಾಗಲಿಲ್ಲ. ಆಸ್ಪತ್ರೆಯ ತುಣುಕನ್ನು ಹಾಡಿನ ಮುಂದೆ ಜೋಡಿಸಿ ಸ್ಟುಡಿಯೋದ ಪೇಜಿನಲ್ಲಿ ಹಾಕಿಬಿಟ್ಟ.

ಮರುದಿನ ಅವಳು ಮೆಟ್ಟಿಲು ಹಾರಿಕೊಂಡು ಬಂದಳು. "ನೋಡೋ ಇಲ್ಲಿ! ಯಾರ್ಯಾರೋ ಕೇಳ್ತಿದ್ದಾರೆ ಕಣೋ!" ಕೇಳಿದವರ ಲೆಕ್ಕವಷ್ಟೇ ನೋಡಿದ್ದಳು, ಸ್ಟುಡಿಯೋದ ಪೇಜ್ ನೋಡಿರಲಿಲ್ಲ. ಅಷ್ಟು ದಿನದ 'ನೀವು' ಎಲ್ಲಿ ಹೋಯಿತೋ. ಅವಳು ಅವನ ಎರಡೂ ಕೈ ಹಿಡಿದುಕೊಂಡಿದ್ದಳು. ಹೇಳಬೇಕಾದ ಹೊತ್ತು ಅದೇ. ಆದರೆ ಆ ಕೈಗಳು ಬೆಚ್ಚಗಿದ್ದವು.

ಅಷ್ಟರಲ್ಲಿ ಅವಳ ಅಮ್ಮನ ಫೋನ್ ಬಂತು.

"ನಿಮ್ಮಕ್ಕ ಬಸ್ಸಲ್ಲಿದ್ದಾಳೆ ಕಣೇ" ಎಂದಳು ಅಮ್ಮ. "ಅವಳ ನಗು ಕೇಳಿಸ್ತು. ಸೀಟು ಸೀಟೂ ನೋಡ್ದೆ. ಯಾವುದೋ ಹುಡುಗಿಯ ಫೋನೊಳಗಿತ್ತು."

ಅವಳು ಅವನತ್ತ ನೋಡಿದಳು. ಅವನು ತಲೆ ತಗ್ಗಿಸಿದ. ಅವಳು ಕೈ ಬಿಡಿಸಿಕೊಂಡು ಹೊರಟುಹೋದಳು.

ಅವನು ತುಣುಕನ್ನು ಅಳಿಸಿದ. ಆದರೆ ಅಷ್ಟರಲ್ಲಿ ಯಾರ್ಯಾರೋ ಅಕ್ಕನ ಆ ನಗುವನ್ನು ತಮ್ಮ ಡ್ಯಾನ್ಸಿಗೆ, ಬೆಕ್ಕಿನ ವಿಡಿಯೋಗೆ ಅಂಟಿಸಿಕೊಂಡಿದ್ದರು.

ಸಂಜೆ ಅವಳ ಮನೆಗೆ ಹೋದ. ಬಾಗಿಲು ತೆರೆದದ್ದು ಅಮ್ಮ.

"ನೀನೇನಪ್ಪಾ ಹಾಕಿದ್ದು?"

"ಹೌದಮ್ಮಾ."

ಕೆನ್ನೆಗೆ ಬಾರಿಸುತ್ತಾಳೆಂದುಕೊಂಡ. ಅಮ್ಮ ಕುರ್ಚಿ ಎಳೆದಳು. "ಪೂರ್ತಿ ಇದೆಯಾ ನಿನ್ ಹತ್ರ? ಹಾಕು."

ಮೂವರೂ ಕೇಳಿದರು. ಉಸಿರು ನಿಂತ ಕಡೆ "ತಾಳೇ" ಎಂದಳು ಅಕ್ಕ. "ತಾಳ್ತೀನಿ ಕಂದಾ, ನಿಧಾನವಾಗಿ ಹೇಳು" ಎಂದಳು ಅಮ್ಮ, ಫೋನಿನ ಮೇಲೆ ಕೈಯಿಟ್ಟು. ಆಮೇಲೆ ಕಿರಿಯವಳತ್ತ ತಿರುಗಿದಳು.

"ನನ್ನಿಂದ ಯಾಕೆ ಮುಚ್ಚಿಟ್ಟೆ?"

ಅವಳು ಅಮ್ಮನ ಭುಜಕ್ಕೆ ಮುಖ ಒತ್ತಿದಳು.

ಅವನನ್ನು ಕಳಿಸಲು ಅವಳು ಗೇಟಿನವರೆಗೆ ಬಂದಳು.

"ಹಾಡು ತೆಗೆದುಬಿಡ್ಲಾ?"

"ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕ್ತೀಯಾ? ಇರ್ಲಿ ಬಿಡು."

"ನಿನ್ ಮುಖ ನೋಡೋಕಾಗ್ಲಿಲ್ಲ ಕಣೇ. ನಿನ್ನ ಪ್ರೀತಿಸ್ತೀನಿ. ಅದಕ್ಕೇ..."

"ಅದನ್ನ ಇದಕ್ಕೆ ಸೇರಿಸ್ಬೇಡ." ಅವಳ ದನಿ ಒಡೆಯಿತು. "ನನಗೂ ನಿನ್ ಮೇಲೆ ಪ್ರೀತಿ ಇದೆ. ಆದ್ರೆ ಇನ್ಮೇಲೆ ನಾನು ಅತ್ರೆ, ನೀನು ಅದನ್ನ ಎಲ್ಲಿ ಹಾಕ್ತೀಯೋ ಅಂತ ಭಯ ಆಗುತ್ತೆ. ಭಯಪಟ್ಕೊಂಡು ಹೇಗೋ ಜೊತೇಲಿರೋದು?"

ಅವನು ಏನೋ ಹೇಳಲು ಹೊರಟ. ಅವಳು ಅವನ ಅಂಗಿಯ ಮಡಚಿದ ಕಾಲರನ್ನು ಬಿಡಿಸಿ ಸರಿಮಾಡಿದಳು. ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಮುಂದಿನ ಹಾಡಿಗೆ ಬೇರೆಯವರನ್ನ ನೋಡ್ಕೋತೀನಿ. ಬರಬೇಡ" ಎಂದಳು. "ಹೊತ್ತಿಗೆ ಸರಿಯಾಗಿ ಊಟ ಮಾಡು."

ಗೇಟು ಹಾಕಿಕೊಂಡು ಒಳಗೆ ಹೋದಳು. ಅವನು "ಹೂಂ" ಎಂದದ್ದು ಅವಳಿಗೆ ಕೇಳಿಸಲಿಲ್ಲ.