ಉಬ್ಬದ ಹಿಟ್ಟಿನ ಆರೋಪಿ

ಬೋಗುಣಿಯಲ್ಲಿ ಬ್ರೆಡ್ಡಿನ ಹಿಟ್ಟು ಉಬ್ಬದೆ ಮುನಿಸಿಕೊಂಡಂತೆ ಬಿದ್ದಿತ್ತು. ವಾರದಲ್ಲಿ ಇದು ಮೂರನೆಯ ಸಲ. ಮೂರು ಸಲವೂ ಕಲಸಿದ್ದು ಬೇಕರಿ ಯಜಮಾನರ ನಾದಿನಿ.

“ನೋಡಿ ಟೀಚರಮ್ಮಾ, ಇವಳು ಬೇಕಂತಲೇ ಮಾಡ್ತಿದ್ದಾಳೆ. ನಮ್ಮ ಹಳಬ ಕೆಲಸಗಾರ ಕಲಸಿದ ದಿನ ಹೂವಿನ ಹಾಗಿರುತ್ತೆ, ಇವಳು ಕೈಯಿಟ್ಟರೆ ಕಲ್ಲು! ನಾಳೆಯಿಂದ ಕೆಲಸಕ್ಕೆ ಬರೋದು ಬೇಡ,” ಎಂದರು ಯಜಮಾನರು. ಈ ಕೆಲಸ ಬಿಟ್ಟರೆ ನಾದಿನಿಗೆ ಬೇರೆ ದಿಕ್ಕಿರಲಿಲ್ಲ.

ಮಹಡಿಯ ಮೇಲಿದ್ದ ನಿವೃತ್ತ ವಿಜ್ಞಾನ ಟೀಚರಮ್ಮನಿಗೆ ಬೀದಿಯ ಜಗಳವೆಲ್ಲ ಮೊದಲು ತಲುಪುತ್ತಿತ್ತು; ಇವತ್ತೂ ಗದ್ದಲ ಕೇಳಿ ಬೇಕರಿಗೆ ಇಳಿದು ಬಂದಿದ್ದರು. ಅವರ ಹಿಂದೆಯೇ ಬಂದಿದ್ದ ಗಂಡ, ಟೈಲರ್, ಮೂಲೆಯಲ್ಲಿ ಹಲ್ಲುಕಿರಿಯುತ್ತಿದ್ದ ಹಳಬನ ಮೇಲೆ ಕಣ್ಣಿಟ್ಟಿದ್ದರು. ಇದು ಇವನದೇ ಕಿತಾಪತಿ ಎಂದು ಅವರು ಆಗಲೇ ತೀರ್ಮಾನಿಸಿಬಿಟ್ಟಿದ್ದರು.

“ಇಬ್ಬರಿಗೂ ಮೈದಾ ಒಂದೇನಾ?” ಟೀಚರಮ್ಮ ಕೇಳಿದರು.

“ಮೈದಾ, ನೀರು, ಉಪ್ಪು, ಹಿಟ್ಟು ಇಡೋ ಜಾಗ, ಎಲ್ಲಾ ಒಂದೇ. ಕೈ ಮಾತ್ರ ಬೇರೆ.”

“ಯೀಸ್ಟು?”

ಯಜಮಾನರು ಕೆಮ್ಮಿದರು. “ಒಂದೇ ಕಂಪನೀದು. ಹಳಬನ ಡಬ್ಬಿ ಶೆಲ್ಫಲ್ಲಿರುತ್ತೆ. ಇವಳದ್ದು ಬೀರೂಲಿ, ಬೀಗ ಹಾಕಿ. ಎಲ್ಲಿ ಮನೆಗೆ ಸಾಗಿಸ್ತಾಳೋ ಅಂತ ನಾನೇ ಅಳೆದು ಕೊಡ್ತೀನಿ.”

ಟೈಲರ್ ಆರಾಮಾಗಿ ಆ ಕಬ್ಬಿಣದ ಬೀರುವಿಗೆ ಒರಗಿದವರು ಹಾರಿಬಿದ್ದರು. “ಅಯ್ಯಯ್ಯೋ, ಬೆನ್ನು ಸುಟ್ಟೋಯ್ತು ಕಣೇ!”

ಟೀಚರಮ್ಮ ನಗಲಿಲ್ಲ. ಎರಡು ಗಾಜಿನ ಜಾಡಿ ತರಿಸಿದರು. ಎರಡರ ಹಿಟ್ಟನ್ನೂ ನಾದಿನಿಯಿಂದಲೇ ಕಲಸಿಸಿದರು. ಒಂದಕ್ಕೆ ಶೆಲ್ಫಿನ ಯೀಸ್ಟು, ಇನ್ನೊಂದಕ್ಕೆ ಅಷ್ಟೇ ಅಳತೆಯ ಬೀರುವಿನದು.

ಒಂದು ಗಂಟೆ ಕಳೆದ ಮೇಲೆ ಎಲ್ಲರೂ ಮೇಜಿನ ಸುತ್ತ ಸೇರಿದರು. ಶೆಲ್ಫಿನ ಜಾಡಿಯಲ್ಲಿ ಹಿಟ್ಟು ಬಾಯಿವರೆಗೆ ಬಂದಿತ್ತು. ಬೀರುವಿನದು ಅಲುಗಾಡಿರಲಿಲ್ಲ.

“ಯಜಮಾನ್ರೇ, ನೀವು ಕೈ ಮಾತ್ರ ಬೇರೆ ಅಂದ್ರಿ. ಆದ್ರೆ ಕೈ ಬದಲಾದ ದಿನವೇ ಡಬ್ಬೀನೂ ಬದಲಾಗ್ತಿತ್ತು. ಎರಡು ಒಟ್ಟಿಗೆ ಬದಲಾದ್ರೆ ತಪ್ಪು ಯಾವುದರದ್ದು ಅಂತ ಹೇಳೋದು ಹೇಗೆ? ಅದಕ್ಕೇ ನಾನು ಬದಲಾಯಿಸಿದ್ದು ಯೀಸ್ಟು ಒಂದನ್ನೇ. ಅದು ಸ್ವತಂತ್ರ ಚರ. ಹಿಟ್ಟು ಎಷ್ಟು ಉಬ್ಬಿತು ಅನ್ನೋದು ಅವಲಂಬಿತ ಚರ. ಮೈದಾ, ನೀರು, ಉಪ್ಪು, ಜಾಗ, ಹೊತ್ತು, ಇವಳ ಕೈ, ಇವೆಲ್ಲ ಹಾಗೇ ಇಟ್ಟಿದ್ದು. ಅವು ನಿಯಂತ್ರಿತ ಚರಗಳು.”

“ಹಾಗಾದ್ರೆ ಬೀರೂಲಿದ್ದ ಡಬ್ಬೀನ ಕೆಡಿಸಿದ್ಯಾರು?” ಟೈಲರ್ ಹಳಬನನ್ನೇ ದುರುಗುಟ್ಟಿ ನೋಡಿದರು.

“ಅವನ್ಯಾಕ್ರೀ? ಬೀರು ನಿಂತಿರೋದು ಬ್ರೆಡ್ ಸುಡೋ ಭಟ್ಟಿಯ ಹಿಂದಿನ ಗೋಡೆಗೆ ಅಂಟಿಕೊಂಡು. ಯೀಸ್ಟಿಗೂ ಜೀವ ಇದೆ, ಆ ಕಾವಿಗೆ ಸತ್ತುಹೋಯ್ತು. ಅಲ್ಲಿಟ್ಟು ಬೀಗ ಹಾಕಿದ್ದು ಯಜಮಾನ್ರ ಅನುಮಾನ.”

ಟೈಲರಿಗೆ ನಾಚಿಕೆಯಾಯಿತು. ಯಜಮಾನರು ಬೀಗದ ಕೈ ತೆಗೆದು ನಾದಿನಿಯ ಮುಂದಿಟ್ಟರು. “ನಾಳೆಯಿಂದ ಇದು ನಿನ್ನ ಹತ್ರಾನೇ ಇರಲಿ.”

ಅವಳು ಅದನ್ನು ಮುಟ್ಟಲಿಲ್ಲ.

“ಕೆಲಸಕ್ಕೆ ಬರ್ತೀನಿ ಭಾವ, ಬರದೆ ವಿಧಿಯಿಲ್ಲ. ಆದ್ರೆ ನಾನು ಕಳ್ಳಿ ಅಲ್ಲ ಅಂತ ನೀವು ನಂಬೋಕೆ ಎರಡು ಜಾಡಿ ಹಿಟ್ಟು ಸಾಕ್ಷಿ ಹೇಳ್ಬೇಕಾಯ್ತಲ್ಲ.”