ತಟ್ಟಿಯಾಚೆಯ ಸಾಲು

"ಮೇಷ್ಟ್ರೇ, ನಿಮ್ ಹುಡುಗ್ರು ಕೂಗೋದು ನಿಲ್ಸಿದ್ರೆ ನನ್ ಪಾಠ ನನ್ ಮಕ್ಳಿಗೆ ಕೇಳ್ತದೆ."

ಸರ್ವಮಂಗಳೆಯ ದನಿಯಲ್ಲಿ ಸಿಟ್ಟಿತ್ತು.

ಪ್ಲೇಗು ಬಂದು ಮಧುಗಿರಿಯ ಜನರೆಲ್ಲ ಊರು ಬಿಟ್ಟು ಹೊಲಗಳ ಗುಡಿಸಲು ಸೇರಿದ್ದರು. ಹುಡುಗರ ಶಾಲೆ, ಹುಡುಗಿಯರ ಶಾಲೆ ಎರಡಕ್ಕೂ ಒಂದೇ ಚಪ್ಪರ. ನಡುವೆ ಬಿದಿರಿನ ತಟ್ಟಿ.

ನಂದೀಶ್ವರಯ್ಯ ನಕ್ಕ. "ಕೂಗಲ್ಲ ಅಮ್ಮಾರೆ, ಪದ್ಯ ಕಟ್ತಾವ್ರೆ. ನಾಕು ಚಪ್ಪಾಳೆಗೆ ಒಂದು ಸಾಲು. ಎರಡನೇ ಅಕ್ಷರ ಎರಡೂ ಸಾಲ್ನಾಗೆ ಒಂದೇ ಇರ್ಬೇಕು, ಅದೇ ಪ್ರಾಸ. ಈಗ ನೋಡಿ... ಬೆಟ್ಟದಾಚೆ ಮೋಡ ಬಂತು..."

ಹುಡುಗಿಯರ ಕಡೆಯಿಂದ ಎಳೆಯ ದನಿಯೊಂದು ಉತ್ತರಿಸಿತು. "ಪುಟ್ಟ ಹೊಲಕೆ ನೀರು ತಂತು!"

"ನನ್ ಮಗಳು ರುದ್ರಿ. ತಾಯಿಲ್ಲದ ಕೂಸು. ಇವತ್ತೇ ನಿಮ್ ಕಡೆ ಸೇರ್ಸಿದೀನಿ... ಸುಮ್ಕಿರೋಳಲ್ಲ."

ಎಳೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡಿದ್ದ ಸರ್ವಮಂಗಳೆ ಅಂದು ಬಹಳ ದಿನಗಳ ಮೇಲೆ ನಕ್ಕಳು.

ಆಮೇಲೆ ಅದೇ ರೂಢಿಯಾಯಿತು. ಆ ಕಡೆ ಮೇಷ್ಟರ ಸಾಲು, ಈ ಕಡೆ ಹುಡುಗಿಯರ ಉತ್ತರ.

"ಅಮ್ಮಾರೆ, ಅಪ್ಪಯ್ಯ ಸಾಲು ಹೇಳೋಕ್ ಮುಂಚೇನೇ ನೀವು ತಟ್ಟಿ ಕಡೆ ನೋಡ್ತೀರಲ್ಲ?"

"ಸುಮ್ನೆ ಬರಿಯೇ, ಬಾಯ್ಬಡುಕಿ."

ಒಂದು ಬೆಳಿಗ್ಗೆ ರುದ್ರಿ ಚಪ್ಪರದ ಕಂಬಕ್ಕೊರಗಿದಳು. "ತಲೆ ನೋಯ್ತೈತೆ ಅಮ್ಮಾರೆ..."

ಅಷ್ಟರಲ್ಲಿ ಆಚೆಯಿಂದ ಸಾಲು ಬಂತು. "ಹೊತ್ತು ಮುಳುಗಿ ಕತ್ತಲಾತು..."

"ಇದೊಂದಕ್ಕೆ ಉತ್ರ ಹೇಳ್ಬುಟ್ಟು ಮನೆಗೋಗವ್ವ" ಅಂದಳು ಸರ್ವಮಂಗಳೆ.

ಮಗು ಎದ್ದು ನಿಂತಿತು. ಮಾತು ಹೊರಡಲಿಲ್ಲ. ಮುಟ್ಟಿದರೆ ಮೈ ಕೆಂಡ.

ವಾರ ತುಂಬುವ ಮೊದಲೇ ರುದ್ರಿಯನ್ನು ಮಣ್ಣು ಮಾಡಿದರು.

ಆಮೇಲೆ ತಟ್ಟಿಯಾಚೆಯಿಂದ ಬರೀ ಮಗ್ಗಿ ಕೇಳುತ್ತಿತ್ತು. ಎದುರಾದರೂ ನಂದೀಶ್ವರಯ್ಯ ತಲೆ ತಗ್ಗಿಸಿ ಹೋಗುತ್ತಿದ್ದ.

'ಜ್ವರದ ಮಗೂನ ನಿಲ್ಲಿಸಿಕೊಂಡವಳು ನಾನು... ನನ್ನ ಮುಖ ಹೇಗೆ ನೋಡಿಯಾರು?'

ಪ್ಲೇಗು ಇಳಿಯಿತು. ಜನ ಊರಿಗೆ ಮರಳತೊಡಗಿದರು. ಚಪ್ಪರ ಬಿಚ್ಚುವ ದಿನ ನಂದೀಶ್ವರಯ್ಯನೇ ತಟ್ಟಿಯ ಕಟ್ಟು ಬಿಚ್ಚಿ ಸುತ್ತುತ್ತಿದ್ದ. ಇಬ್ಬರ ನಡುವೆ ಮರೆ ಇರಲಿಲ್ಲ.

"ಮೇಷ್ಟ್ರೇ... ಅವತ್ತು ತಲೆನೋವು ಅಂದ್ಲು. ನಾನೇ ಕಳಿಸ್ಲಿಲ್ಲ. ನಿಮ್ ಸಿಟ್ಟು ನ್ಯಾಯ್ವೇ."

ಅವನ ಕೈ ನಿಂತಿತು.

"ಸಿಟ್ಟಾ? ಬೆಳಿಗ್ಗೆ ಮೈ ಬಿಸಿ ಇದ್ದದ್ದು ನನಗೆ ಗೊತ್ತಿತ್ತು ಅಮ್ಮಾರೆ. 'ಅಮ್ಮಾರ ತಾವ ಹೋಗ್ಬೇಕು' ಅಂತ ಅತ್ಲು... ಕಳಿಸ್ಬುಟ್ಟೆ. ನಿಮ್ ಮಕ್ಕಳ ಮಧ್ಯಕ್ಕೆ ಜ್ವರದ ಕೂಸು ಕಳಿಸ್ದೋನು ಅಂತ, ನೀವೇ ನನ್ನ ಮುಖ ನೋಡಲ್ಲ ಅನ್ಕಂಡಿದ್ದೆ."

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ದಿನ ಒಂದೇ ದುಃಖವನ್ನು ಇಬ್ಬರೂ ಬೇರೆ ಬೇರೆ ಹೊತ್ತಿದ್ದರು.

"ನಮ್ ಜನದಾಗೆ ಸೀರೆ ಉಡಿಕೆ ಉಂಟು" ಅಂದ ಅವನು ಮೆಲ್ಲಗೆ. "ಗಂಡ ಸತ್ತೋಳಿಗೆ ಸೀರೆ ಉಡಿಸಿ ಮನೆತುಂಬಿಸ್ಕಂತಾರೆ. ನಿಮ್ಮಪ್ಪಾರ ತಾವ ಹಿರೀರನ್ನ ಕಳಿಸ್ಲಾ?"

ಅವಳು ಬಗ್ಗಿ ತಟ್ಟಿಯ ಇನ್ನೊಂದು ತುದಿ ಹಿಡಿದಳು.

"ಅವತ್ತಿನ ಸಾಲು... ಒಂದ್ಸಲ ಹೇಳಿ."

"ಹೊತ್ತು ಮುಳುಗಿ ಕತ್ತಲಾತು..." ಅವನ ದನಿ ಒಡೆಯಿತು.

ಇನ್ನೊಂದು ದನಿಗೆ ಜಾಗ ಬಿಟ್ಟವಳಂತೆ ಅವಳು ಕಾದಳು. ಅದು ಬರಲಿಲ್ಲ. ಆಮೇಲೆ ತಾನೇ ಮೆಲ್ಲಗೆ ಚಪ್ಪಾಳೆ ಹಾಕಿ ಹೇಳಿದಳು:

"ಬತ್ತಿ ಹೊಸೆದು ನಾನು ಬರುವೆ."

ಅವನು ಅಂಗವಸ್ತ್ರದಿಂದ ಮುಖ ಒರೆಸಿಕೊಂಡ.

"ಪ್ರಾಸ ಕೂಡ್ತಾ ಮೇಷ್ಟ್ರೇ?"

"ಕೂಡ್ತು ಮಂಗಳಾ... ರುದ್ರಿ ಆಗಿದ್ರೆ ಇನ್ನೂ ಬೇಗ ಹೇಳೋಳು."

"ಹೂಂ... ಅವ್ಳು ನನಗಿಂತ ಜಾಣೆ."